ಮಾವನ ಹಳೇ ವ್ಯಾನಿಗೊಂದು ಸ್ಕ್ಯಾನರು

ನನ್ನ ಮಾವನಿಗೆ ಕಿವಿ ಮಂದವಾಗಿದೆ ಅನ್ನೋದು ನನಗೆ ಗೊತ್ತಾದದ್ದು ವ್ಯಾನಿನಿಂದ. ಒಂದು ಬೆಳಿಗ್ಗೆ ಅವರು ವ್ಯಾನ್ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲಿ ಅಂತ ಬಿಟ್ಟು, ಹಿಂದೆ ಹಾಲಿನ ಕ್ಯಾನು ಇಟ್ಟು ಬಂದು ಕೂತರು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಎಂಜಿನ್ ಓಡುತ್ತಲೇ ಇತ್ತು. ಮಾವ ಕೀಲಿ ಹಿಡಿದು ಇನ್ನೊಮ್ಮೆ ತಿರುಗಿಸಿದರು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಕರಕರ ಸದ್ದು ಬಂತು. ಕಟ್ಟಿದ್ದ ಕರು ಹಗ್ಗ ಜಗ್ಗಿತು. ಮಾವ ಮತ್ತೆ ತಿರುಗಿಸಿದರು. ಆಮೇಲೆ ನನ್ನ ಮುಖ ನೋಡಿ ಕೈ ತೆಗೆದರು.

"ಬ್ಯಾಟ್ರಿ ವಸಿ ಡಲ್ಲಾಗದೆ ಕಣವ್ವ," ಅಂದರು.

"ಹೂಂ ಮಾವ," ಅಂದೆ.

ಬೇರೆಯವರಿಗಾದರೆ ಇದೇನು ದೊಡ್ಡ ಸಂಗತಿಯಲ್ಲ. ವಯಸ್ಸಾದ ಮೇಲೆ ಯಾರಿಗೆ ತಾನೆ ಕಿವಿ ಮೊದಲಿನ ಹಾಗಿರುತ್ತದೆ. ಆದರೆ ನಮ್ಮ ಮಾವ ಗಾಡಿಯನ್ನು ಕಿವಿಯಲ್ಲೇ ಓಡಿಸಿದವರು. ಪಾಂಡವಪುರದ ಸುತ್ತಮುತ್ತ ಟ್ರಾಕ್ಟರು, ಪಂಪ್‌ಸೆಟ್ಟು ಏನು ಕೆಟ್ಟರೂ ಜನ ಮೊದಲು ನಮ್ಮ ಮನೆಗೆ ಬರುತ್ತಿದ್ದರು. ಮಾವ ಮೆಕ್ಯಾನಿಕ್ ಅಲ್ಲ. ನಾಲೆ ನೀರಿನ ಗದ್ದೆ, ನಾಲ್ಕಾರು ಹಸು, ಅಷ್ಟೇ ಅವರ ಬದುಕು. ಆದರೂ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಂತರೆ ಒಂದು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಇಂಥ ಕಡೆ ತೊಂದರೆ ಅನ್ನುತ್ತಿದ್ದರು. ಬಿಚ್ಚಿದರೆ ಅಲ್ಲೇ ಇರುತ್ತಿತ್ತು.

ಒಂದು ಸಲ ಗೋವಿಂದನಹಳ್ಳಿ ಕಡೆ ಮದುವೆ ಮುಗಿಸಿಕೊಂಡು ವ್ಯಾನಿನಲ್ಲಿ ವಾಪಸ್ಸು ಬರುತ್ತಿದ್ದೆವು. ಹಿಂದೆ ಹೆಂಗಸರೆಲ್ಲ ಒತ್ತೊತ್ತಾಗಿ ಕೂತು ಸೋಬಾನೆ ಹೇಳುತ್ತಿದ್ದರು, ಮಕ್ಕಳು ಅಳುತ್ತಿದ್ದವು. ಆ ಗದ್ದಲದಲ್ಲಿ ಮಾವ ಗಾಡಿ ನಿಲ್ಲಿಸಿ, "ಇಂದಗಡೆ ಎಡದ ಟೈರ್‌ನಾಗೆ ಕಲ್ಲು ಸಿಕ್ಕಂಡದೆ, ತೆಗಿಯವ್ವ" ಅಂದರು. ಇಳಿದು ನೋಡಿದೆ. ಕಡಲೆಕಾಳಿನಷ್ಟು ಜಲ್ಲಿ ಟೈರಿನ ಸಂದಿಯಲ್ಲಿ ಕೂತಿತ್ತು.

ಆ ವ್ಯಾನು ಕೊಂಡದ್ದು ನನ್ನ ಮಗಳು ಹುಟ್ಟಿದ ವರ್ಷ. ಈಗ ಅವಳು ಮೈಸೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹಾಲಿನ ಕ್ಯಾನು, ಹಿಂಡಿ ಮೂಟೆ, ಕಬ್ಬು ಕಡಿಯುವವರ ಊಟ, ಹೆರಿಗೆಗೆ ಹೊರಟ ಹೆಂಗಸರು, ಮದುವೆ ಹೆಣ್ಣುಗಳು, ಎಲ್ಲಾ ಅದರಲ್ಲೇ. ಎಂಜಿನ್ನು ಮುಂದಿನ ಸೀಟಿನ ಕೆಳಗಿರುವ ಗಾಡಿ ಅದು. ಮಾಗಿಯ ಚಳಿಯಲ್ಲಿ ಸೀಟು ಬೆಚ್ಚಗಿರುತ್ತಿತ್ತು. ಮಗಳು ಹಾಲುಗೂಸಾಗಿದ್ದಾಗ ಮನೆಯಲ್ಲಿ ಎಷ್ಟು ತೂಗಿದರೂ ಮಲಗದೆ, ಆ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡರೆ ನಾಲೆ ದಾಟುವುದರೊಳಗೆ ನಿದ್ದೆ ಹೋಗುತ್ತಿದ್ದಳು.

ನನಗೆ ಡ್ರೈವಿಂಗ್ ಕಲಿಸಿದವರೂ ಮಾವನೇ. ನನ್ನ ಗಂಡ ಕಾರ್ಖಾನೆ ಕೆಲಸಕ್ಕೆ ಶಿಫ್ಟಿನಲ್ಲಿ ಹೋಗುತ್ತಿದ್ದರು. "ಗಂಡಸ್ರಿಲ್ದಾಗ ಹಾಲೇನು ಹಟ್ಟೀಲೇ ಕೆಡ್ಬೇಕಾ?" ಅಂತ ಒಂದು ಸಂಜೆ ಕೀಲಿ ನನ್ನ ಕೈಗೆ ಕೊಟ್ಟರು. ಸೊಸೆ ಗಾಡಿ ಓಡಿಸುವುದನ್ನು ನೋಡಲು ನಾಲೆ ಏರಿಯ ಮೇಲೆ ಜನ ನಿಲ್ಲುತ್ತಿದ್ದರು. ಮಾವ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಕ್ಲಚ್ಚು ಮೆಲ್ಲಗೆ ಬುಡು. ಈಗ ಕೇಳು. ಗಾಡಿ ದಣೀತಾ ಅದೆ, ಕೇಳುಸ್ತಾ? ಈಗ ಗೇರು ಕಮ್ಮಿ ಮಾಡು." ನನಗೆ ಮೊದಮೊದಲು ಬರೀ ಗುರ್ ಅನ್ನುವ ಸದ್ದೇ ಕೇಳುತ್ತಿತ್ತು. ಬರಬರುತ್ತಾ ಅದರಲ್ಲೂ ದಣಿವು, ಹಗುರ ಎಲ್ಲಾ ತಿಳಿಯತೊಡಗಿತು. ನಾನು ಹುಟ್ಟಿದ ಊರು ಹೊಸಹೊಳಲಿನ ಪಕ್ಕ. ಅಲ್ಲಿಯವರೆಗೂ ಒಬ್ಬಳೇ ಓಡಿಸಿಕೊಂಡು ಹೋದ ದಿನ, ಅಪ್ಪ ಬೀದಿಯಲ್ಲಿ ನಿಂತು ವ್ಯಾನಿನ ಒಳಗೆ ಬಗ್ಗಿ ಬಗ್ಗಿ ನೋಡಿ, "ಡ್ರೈವರ್ ಎಲ್ಲಿ?" ಅಂತ ಕೇಳಿದ್ದರು.

ಆದ್ದರಿಂದ ಆ ಬೆಳಿಗ್ಗೆ ಕಂಡದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಮಾವನೂ ಹೇಳಲಿಲ್ಲ. ಆದರೆ ಅದೇ ಬೇಸಿಗೆಯಲ್ಲಿ ವ್ಯಾನೂ ಕೆಟ್ಟಿತು.

ಕೆಟ್ಟಿತು ಅಂದರೆ ಪೂರ್ತಿ ಕೆಡಲಿಲ್ಲ, ಅದೇ ಕಷ್ಟ. ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತು. ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿದರೆ, ಕೆಲವು ದಿನ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸ್ಟಾರ್ಟ್ ಆದರೂ ಹಿಂದೆ ಕರೀ ಹೊಗೆ, ಪೆಟ್ರೋಲು ವಾಸನೆ. ಮೀಟರಿನ ಹತ್ತಿರ ಎಂಜಿನ್ನಿನ ಚಿತ್ರದ ಹಳದಿ ದೀಪ ಒಮ್ಮೆ ಹತ್ತುತ್ತಿತ್ತು, ಒಮ್ಮೆ ಆರುತ್ತಿತ್ತು. ಮಾವ ಸ್ಕ್ರೂಡ್ರೈವರ್ ಹಿಡಿದರು, ಕಿವಿಗಿಟ್ಟರು, ಕಣ್ಣು ಮುಚ್ಚಿದರು. ಪ್ಲಗ್ಗು ಅಂದರು. ಬದಲಾಯಿಸಿದೆವು, ಸರಿಹೋಗಲಿಲ್ಲ. ಮತ್ತೆ ಕಿವಿಗಿಟ್ಟು ಪಂಪು ಅಂದರು. ಅದೂ ಆಯಿತು. ಮೂರನೇ ಸಲ ಅವರು ಕಣ್ಣು ಮುಚ್ಚಿ ನಿಂತದ್ದು ಬಹಳ ಹೊತ್ತಾಯಿತು. ಆಮೇಲೆ ಸ್ಕ್ರೂಡ್ರೈವರ್ ಒರೆಸಿ ಡಬ್ಬಿಯಲ್ಲಿಟ್ಟರು. ಮಾರನೇ ದಿನ ನೋಡುತ್ತೇನೆ, ಕನ್ನಡಿಗೆ ಅಂಟಿಸಿಟ್ಟಿದ್ದ ನನ್ನ ಸ್ಟಿಕ್ಕರ್ ಬೊಟ್ಟೊಂದು ಆ ಹಳದಿ ದೀಪದ ಮೇಲೆ ಕೂತಿದೆ.

ಅತ್ತೆಗೆ ಬೇಸರ ಬಂದಿತ್ತು. "ಆ ಗಾಡಿ ಮಾರ್ಬುಡಿ ಅಂತ ಬಡ್ಕತೀನಿ. ಈಯಪ್ಪ ಕಿವಿಗೇ ಆಕ್ಕಳಾಕಿಲ್ಲ," ಅಂತ ಒಲೆಯ ಮುಂದೆ ಕೂತು ಹೇಳುತ್ತಿದ್ದರು. ಮಾವ ಅಲ್ಲೇ ಜಗಲಿಯ ಮೇಲಿದ್ದರೂ ತಿರುಗಲಿಲ್ಲ. ಅತ್ತೆ ಅದನ್ನು ಹಟ ಅಂದುಕೊಂಡರು.

ಕೊನೆಗೆ ನಾನೇ ಅವರನ್ನು ಹೊರಡಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ಗಂಜಾಂ ಕಡೆಯ ರಸ್ತೆಯಲ್ಲಿ ಮಾವನಿಗೆ ಬಹಳ ಹಿಂದಿನಿಂದ ಗೊತ್ತಿದ್ದ ಒಬ್ಬ ಸಾಬರ ಗ್ಯಾರೇಜಿದೆ. ಇಬ್ಬರೂ ಹರೆಯದಲ್ಲಿ ಹಳೇ ಜೀಪುಗಳನ್ನು ಬಿಚ್ಚಿ ಜೋಡಿಸಿದವರು. ಅವರೀಗ ಶೆಡ್ಡಿನಲ್ಲಿ ಒಂದು ದೊಡ್ಡ ಸ್ಕ್ಯಾನರು ಇಟ್ಟಿದ್ದರು, ಸ್ಲೇಟಿನಷ್ಟು ಅಗಲದ್ದು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಅದರ ವೈರು ಚುಚ್ಚಿದರೆ ಗಾಡಿಯೊಳಗಿನ ಕಂಪ್ಯೂಟರು ತನಗೇನಾಗಿದೆ ಅಂತ ಹೇಳುತ್ತದಂತೆ.

"ಗೌಡ್ರೇ, ಮನೇಲಿ ಎಲ್ಲಾ ಖೈರಿಯತ್ತಾ?" ಅಂತ ಸಾಬರು ಕೇಳಿದರು. ಮಾವ, "ಹೂಂ, ಮೊನ್ನೇನೆ ಬದಲಾಯಿಸ್ದೆ," ಅಂದರು. ಪ್ಲಗ್ಗಿನ ವಿಷಯ ಅಂದುಕೊಂಡಿದ್ದರು. ಸಾಬರು ಒಂದು ಕ್ಷಣ ಅವರನ್ನು ನೋಡಿ, ಆಮೇಲೆ ನನ್ನ ಕಡೆ ನೋಡಿದರು. ವೈರು ಚುಚ್ಚಿ, ಸ್ಕ್ಯಾನರಿನ ಪರದೆಯನ್ನು ತಮ್ಮ ಕಡೆಯಿಂದ ಮಾವನ ಕಡೆಗೆ ತಿರುಗಿಸಿ ಹಿಡಿದರು.

ಎಂಜಿನ್ ಓಡುತ್ತಿತ್ತು. ಪರದೆಯ ಮೇಲೆ ಅಂಕಿಗಳು ಏರಿಳಿಯುತ್ತಿದ್ದವು. ಎಂಜಿನ್ನು ನಿಮಿಷಕ್ಕೆಷ್ಟು ಸುತ್ತುತ್ತಿದೆ, ಎಷ್ಟು ಬಿಸಿಯಾಗಿದೆ, ಎಷ್ಟು ಗಾಳಿ ಎಳೆಯುತ್ತಿದೆ. ನಾನು ಕಾಲಲ್ಲಿ ಆಕ್ಸಿಲೇಟರ್ ಒತ್ತಿದರೆ ಅಂಕಿ ಮೇಲೇರುತ್ತಿತ್ತು. ಮಾವ ಕನ್ನಡಕ ಏರಿಸಿಕೊಂಡು ಪರದೆಗೆ ಮುಖ ತಂದರು.

"ಇನ್ನೊಂದ್ಸಲ ಒತ್ತವ್ವ," ಅಂದರು.

ಒತ್ತಿದೆ.

"ಬುಡು."

ಬಿಟ್ಟೆ. ಅಂಕಿ ಇಳಿಯುವುದನ್ನು ಅವರು ಕೊನೇತನಕ ನೋಡಿದರು. ನಾಲೆ ಏರಿಯ ಮೇಲೆ ನನಗೆ ಕಲಿಸುತ್ತಿದ್ದಾಗ ಇರುತ್ತಿದ್ದ ಮುಖ ಅದು. ಎಷ್ಟೋ ತಿಂಗಳಿಂದ ನಾನದನ್ನು ನೋಡಿರಲಿಲ್ಲ.

ಆದರೆ ಆವತ್ತು ಗಾಡಿ ಏನೂ ತೊಂದರೆ ಕೊಡಲಿಲ್ಲ. ನಿಲ್ಲಿಸಿ ಎಷ್ಟು ಸಲ ಸ್ಟಾರ್ಟ್ ಮಾಡಿದರೂ ಆಯಿತು. "ಇದು ಬಂದು ಹೋಗೋ ಜ್ವರ ಅಮ್ಮಾ," ಅಂದರು ಸಾಬರು. "ರೋಡಲ್ಲಿ ಕೆಟ್ಟು ನಿಂತಾಗಲೇ ಹಾಕಿ ನೋಡಬೇಕು. ನನ್ನ ಮಿಷಿನ್ನು ಶೆಡ್ ಬಿಟ್ಟು ಬರಲ್ಲ. ನೀವೇ ಒಂದು ಚಿಕ್ಕದು ತಗೊಳಿ. ಆದರೆ ನೋಡ್ಕೊಂಡು ತಗೊಳಿ. ಇದು ಹಳೇ ಗಾಡಿ. ಸಾಕೆಟ್ಟು ಹೊಸದರ ಥರಾನೇ ಕಾಣ್ತದೆ, ಭಾಷೆ ಬೇರೆ. ಗಾಡಿಗೆ ಹಾಕಿ ನೋಡದೆ ತಗೋಬೇಡಿ."

ಮನೆಗೆ ಬರುವಾಗ ಕಿರಂಗೂರು ದಾಟಿದ ಮೇಲೆ ಮಾವ, "ಅಂತಾದ್ದೊಂದು ನಮಗೂ ಇದ್ರೆ ಆಯ್ತದೆ," ಅಂದರು, ಕಿಟಕಿಯ ಆಚೆ ನೋಡುತ್ತಾ.

ಸಾಬರು ಅಷ್ಟು ಹೇಳಿದ್ದರೂ ಮೊದಲು ನಾನು ಮೊಬೈಲಿನಲ್ಲಿ ನೋಡಿ ಒಂದನ್ನು ತರಿಸಿದೆ. ಬೆಂಕಿಪೊಟ್ಟಣದಷ್ಟು ಚಿಕ್ಕದು. ಸಾಕೆಟ್ಟಿಗೆ ಚುಚ್ಚಿದರೆ ಫೋನಿನಲ್ಲೇ ಎಲ್ಲ ಕಾಣುತ್ತದೆ ಅಂತ ಬರೆದಿದ್ದರು. ಇಷ್ಟವಾಗದಿದ್ದರೆ ವಾಪಸ್ಸು ಕಳಿಸಬಹುದು ಅಂತಲೂ ಇತ್ತು. ಮಾವ ಪಕ್ಕದ ಸೀಟಿನಲ್ಲಿ ಕೂತರು. ಚುಚ್ಚಿದೆ. ಕೆಂಪು ದೀಪ ಮಿಣುಕಿತು. ಫೋನಿನಲ್ಲಿ ಒಂದು ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು, ಕೊನೆಗೆ ಗಾಡಿ ಸಿಗುತ್ತಿಲ್ಲ ಅಂತ ಬಂತು. ತೆಗೆದು ಮತ್ತೆ ಚುಚ್ಚಿದೆ. ಅದೇ.

"ಏನಂತೆ?" ಅಂದರು ಮಾವ.

ನಾನು ಅವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ. "ನಮ್ಮ ಗಾಡಿ ಮಾತು ಇದಕ್ಕೆ ಗೊತ್ತಾಗಲ್ವಂತೆ ಮಾವ."

ಅವರು ಆ ಮಿಣುಕುವ ದೀಪವನ್ನೇ ನೋಡುತ್ತಿದ್ದರು. "ಇದ್ಕೂ ಕೇಳುಸಾಕಿಲ್ವಾ?" ಅಂದರು.

'ಇದಕ್ಕೂ' ಅಂದದ್ದು ನನಗೆ ತಟ್ಟಿತು. ಅವರಿಗೂ ಗೊತ್ತಾಯಿತು, ತಾವು ಅಂದದ್ದು ಏನು ಅಂತ. ಅಂಗಳದಲ್ಲಿ ಅತ್ತೆ ಹುರುಳಿ ಕೇರುತ್ತಿದ್ದರು.

"ಯಾವಾಗಿಂದ ಮಾವ?" ಅಂದೆ.

"ವರ್ಷದ ಮೇಲಾಯ್ತು ಕಣವ್ವ. ಮೊದ್ಲು ಹಕ್ಕಿಗಳು ಓಗ್ಬುಟ್ವು. ಬೆಳಿಗ್ಗೆ ಮರದಾಗೆ ಕೂಗ್ತಿದ್ವಲ್ಲ, ಅವು ಎಲ್ಲೋ ಒಂಟೋಗವೆ ಅಂದ್ಕಂಡಿದ್ದೆ. ಆಮೇಲೆ ನೋಡಿದ್ರೆ ಕೊಂಬೇಲೇ ಕುಂತವೆ, ಬಾಯಿ ತೆಗೀತವೆ." ಸೀಟಿನ ಮೇಲೆ ಅಂಗೈ ಇಟ್ಟರು. "ಇದ್ರದ್ದು ಕೈಗೆ ತಿಳೀತದೆ, ನಡುಗೋದು. ಕೇಳುಸಾಕಿಲ್ಲ. ನಿಮ್ಮತ್ತೆಗೆ ಯೋಳ್ಬೇಡ."

ಯಾಕೆ ಅಂತ ನಾನು ಕೇಳಲಿಲ್ಲ. ಊರಿನ ಜನ ಸ್ಕ್ರೂಡ್ರೈವರ್ ಹಿಡಿದ ಆ ಮನುಷ್ಯನನ್ನು ಹುಡುಕಿಕೊಂಡು ಬರುತ್ತಿದ್ದ ದಿನಗಳು ನನಗೂ ಗೊತ್ತಿದ್ದವು. "ನಾಗಮಂಗಲದಲ್ಲಿ ಒಂದು ಅಂಗಡಿ ಇದೆಯಂತೆ, ಗಾಡಿಗೆ ಹಾಕಿ ತೋರಿಸಿಯೇ ಕೊಡುತ್ತಾರಂತೆ. ಹೋಗಿ ಬರೋಣ," ಅಂದೆ. ಬೆಂಕಿಪೊಟ್ಟಣವನ್ನು ವಾಪಸ್ಸು ಕಳಿಸಿದೆ.

ನಾಗಮಂಗಲದ ಆ ಅಂಗಡಿಯವರು ತಾಳ್ಮೆಯ ಮನುಷ್ಯ. ಎರಡು ಸ್ಕ್ಯಾನರು ಹಿಡಿದುಕೊಂಡು ಬಿಸಿಲಿಗೆ ಬಂದು ವ್ಯಾನಿನ ಬಾಗಿಲಲ್ಲಿ ನಿಂತರು. ಮೊದಲನೆಯದಕ್ಕೆ ಬಣ್ಣದ ಪರದೆ, ಬೆರಳು ಸವರಿದರೆ ಸಾಕು. ಅದು ನಮ್ಮ ಗಾಡಿಯ ಜೊತೆ ಮಾತಾಡಿತು, ಆದರೆ ಒಂದೇ ಮಾತು: ಹಿಂದೆ ಯಾವಾಗಲೋ ಬಿಸಿ ಅಳೆಯುವ ಸೆನ್ಸಾರಿನಲ್ಲಿ ತೊಂದರೆ ಬಂದಿತ್ತು ಅಂತ ಒಂದು ಕೋಡ್ ನಂಬರು ತೋರಿಸಿ ಸುಮ್ಮನಾಯಿತು.

"ಸೆನ್ಸಾರ್ ಬದಲಾಯಿಸಿಬಿಡಿ," ಅಂದರು ಅಂಗಡಿಯವರು.

ನಾನು ಅದನ್ನು ಮಾವನಿಗೆ ಹೇಳಿದೆ. ಅವರು ಬೇಡ ಅಂತ ತಲೆಯಾಡಿಸಿದರು. "ಪಂಪು ಅಂದೆ, ಬದಲಾಯಿಸ್ದೊ. ಪ್ಲಗ್ಗು ಅಂದೆ, ಬದಲಾಯಿಸ್ದೊ. ಇನ್ನು ನೋಡ್ದಲೆ ಏನೂ ಬದಲಾಯಿಸಾಕಿಲ್ಲ. ಅಂಕಿ ಓಡೋದು ತೋರುಸ್ತದಾ ಇದು?"

"ಹೊಸ ಗಾಡಿಗಳಿಗೆ ತೋರಿಸುತ್ತೆ. ಇಷ್ಟು ಹಳೇದಕ್ಕೆ ಇಲ್ಲ," ಅಂದರು ಅಂಗಡಿಯವರು. "ಹಳೇ ಗಾಡಿಗೆ ಅಂತಲೇ ಈ ಇನ್ನೊಂದಿದೆ. ನೋಡೋಕೆ ಚೆನ್ನಾಗಿಲ್ಲ, ಯಾರೂ ಕೇಳಲ್ಲ."

ಎರಡನೆಯದು ಇಟ್ಟಿಗೆಯ ಹಾಗಿತ್ತು. ದಪ್ಪ ವೈರು, ಒತ್ತುವ ಗುಂಡಿಗಳು, ಬಣ್ಣವಿಲ್ಲದ ಬೂದು ಪರದೆ. ಆದರೆ ಚುಚ್ಚಿದ ಕೂಡಲೇ ಅಂಕಿಗಳು ಬಂದವು, ಕ್ಯಾಲೆಂಡರಿನ ತಾರೀಖಿನ ಹಾಗೆ ದಪ್ಪ ದಪ್ಪಗೆ. ಮಾವನಿಗೆ ಕನ್ನಡಕವೂ ಬೇಕಾಗಲಿಲ್ಲ. ಎಂಜಿನ್ ಓಡುತ್ತಿರುವಾಗಿನ ಈ ಅಂಕಿಗಳಿಗೆ ಲೈವ್ ಡಾಟಾ ಅನ್ನುತ್ತಾರೆ ಅಂತ ಅಂಗಡಿಯವರು ಹೇಳಿಕೊಟ್ಟರು.

"ಮುಂದೆ ಹೊಸ ಗಾಡಿ ತಗೊಂಡರೆ ಇದು ಉಪಯೋಗಕ್ಕೆ ಬರಲ್ಲ ಯಜಮಾನರೇ," ಅಂತ ಅವರು ಎಚ್ಚರಿಸಿದರು. ನಾನು ಮಾವನ ಕಡೆ ತಿರುಗಿ ಅದನ್ನು ಮತ್ತೆ ಹೇಳಿದೆ.

"ನಾನೂ ಬರಾಕಿಲ್ಲ ಬುಡಿ ಉಪಯೋಗಕ್ಕೆ," ಅಂದು ಮಾವ ನಕ್ಕರು. ಅದನ್ನೇ ಕೊಂಡೆವು.

ಅಲ್ಲೇ ಹೋಟೆಲಿನಲ್ಲಿ ಊಟ ಮಾಡಿ ಹೊರಟೆವು. ಜಕ್ಕನಹಳ್ಳಿ ಇನ್ನೂ ದೂರವಿದ್ದ ಹಾಗೆ ಒಂದು ಎಳನೀರಿನ ಗಾಡಿ ಕಂಡು ನಿಲ್ಲಿಸಿದೆ. ಎಳನೀರು ಕುಡಿದು ಬಂದು ಕೀಲಿ ತಿರುಗಿಸಿದರೆ, ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲು ವಾಸನೆ ಬಂತು. ಗಾಡಿ ಕೆಟ್ಟದ್ದಕ್ಕೆ ನಾವಿಬ್ಬರೂ ಸಂತೋಷಪಟ್ಟದ್ದು ಅದೊಂದೇ ಸಲ.

ಮಾವ ಸ್ಕ್ಯಾನರು ಚುಚ್ಚಿದರು. ಗುಂಡಿ ಒತ್ತಿ ಒತ್ತಿ ಎಂಜಿನ್ನಿನ ಬಿಸಿ ತೋರಿಸುವ ಕಡೆ ಬಂದು ನಿಂತರು. ಆಮೇಲೆ ಪರದೆಯನ್ನು ನನ್ನ ಮುಂದೆ ಹಿಡಿದರು. ಮೈನಸ್ ನಲವತ್ತು ಅಂತ ಇತ್ತು. ಹೊರಗೆ ಟಾರು ಕರಗುವ ಬಿಸಿಲು, ಎಳನೀರಿನವನು ತಲೆಗೆ ಟವೆಲು ಸುತ್ತಿಕೊಂಡು ನೆರಳಿಗೆ ಸರಿದಿದ್ದ.

"ಹಿಮಾಲಯದಾಗೆ ನಿಂತ್ಕಂಡಿದ್ದೀನಿ ಅಂದ್ಕಂಡದೆ ಬಡ್ಡೀಮಗಂದು," ಅಂದರು ಮಾವ. "ಅದುಕ್ಕೇ ಚಳಿಗೆ ಅಂತ ಪೆಟ್ರೋಲು ಸುರೀತಾ ಅದೆ. ಸೀಟು ಎತ್ತವ್ವ."

ಸೀಟು ಎತ್ತಿದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಮೊದಲಾಗಿದ್ದರೆ ಬಗ್ಗುವವರು ಅವರು, ಕೀಲಿಯ ಹತ್ತಿರ ಕೂರುವವಳು ನಾನು. ಈಗ ಅವರು ಪಕ್ಕದಲ್ಲಿ ನಿಂತು ಪರದೆ ನೋಡಿದರು, ನಾನು ಅವರು ತೋರಿಸಿದ ವೈರಿನ ಉದ್ದಕ್ಕೂ ಬೆರಳಾಡಿಸುತ್ತಾ ಹೋದೆ.

"ಅಲ್ಲಲ್ಲ. ಇನ್ನೂ ಕೆಳೀಕೆ. ಇನ್ನೊಸಿ. ಆಂ, ಇಡ್ಕೊ. ಅಲ್ಲೇ ಇಡ್ಕೊ."

ಅಂಕಿ ಮೈನಸ್ ನಲವತ್ತರಿಂದ ತೊಂಬತ್ತರ ಹತ್ತಿರಕ್ಕೆ ಹಾರಿತ್ತು. ಬೆರಳು ಸಡಿಲಿಸಿದೆ, ಮತ್ತೆ ಹಿಮಾಲಯ. ಸೆನ್ಸಾರಿಗೆ ಏನೂ ಆಗಿರಲಿಲ್ಲ. ಅದಕ್ಕೆ ಹೋಗುವ ವೈರು ಕ್ಲಿಪ್ಪಿನ ಬುಡದಲ್ಲಿ, ಮೇಲಿನ ಪ್ಲಾಸ್ಟಿಕ್ಕು ನೆಟ್ಟಗಿದ್ದ ಹಾಗೇ, ಒಳಗೊಳಗೆ ಮುರಿದಿತ್ತು. ಬಿಸಿಯಾಗಿ ಸಡಿಲವಾದರೆ ಬಿಟ್ಟುಕೊಳ್ಳುತ್ತಿತ್ತು, ತಣ್ಣಗಾದರೆ ಕೂಡಿಕೊಳ್ಳುತ್ತಿತ್ತು. ಮಾವ ಸೊಂಟದಲ್ಲಿದ್ದ ಚಾಕು ಕೊಟ್ಟರು. ತುದಿ ಸುಲಿದು, ಹೊಸೆದು, ಟೇಪು ಸುತ್ತಿದೆ. ಅವರು ನನ್ನ ಗಂಟನ್ನು ಒಮ್ಮೆ ಎಳೆದು ನೋಡಿ, "ಸಾಕು," ಅಂದರು. ಕೀಲಿ ತಿರುಗಿಸಿದ ಕೂಡಲೇ ವ್ಯಾನು ಸ್ಟಾರ್ಟ್ ಆಯಿತು. ಮಾವ ಅಂಗೈಯನ್ನು ಬಾಗಿಲ ಮೇಲಿಟ್ಟು ನಿಂತೇ ಇದ್ದರು.

ಆ ಸಂಜೆ ಅವರೇ ಅತ್ತೆಯ ಮುಂದೆ ಹೋಗಿ ಕೂತು, "ಲೇ, ನನಗೆ ಕಿವಿ ಕೇಳುಸಾಕಿಲ್ಲ ಕಣೆ," ಅಂದರು. ಅತ್ತೆ ಸೌಟು ಹಿಡಿದುಕೊಂಡೇ ಅವರ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. "ಅಯ್ಯೋ, ನಾನು ಎಷ್ಟೊಂದು ಬಯ್ದಿದ್ದೆ, ಒಂದೂ ತಾಕ್ಲಿಲ್ವಾ," ಅಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ತಟ್ಟೆಗೆ ಮುದ್ದೆ ಇಟ್ಟರು.

ಮುಂದಿನ ವಾರ ಕಿವಿಯ ಡಾಕ್ಟರ ಹತ್ತಿರ ಹೋದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಹೊರಗೆ ಬಂದಾಗ ಒಂದು ಕಾಗದ ಕೊಟ್ಟರು. ಒಂದು ಗೆರೆ ಎಡದಲ್ಲಿ ಸುಮಾರಾಗಿದ್ದು, ಬಲಕ್ಕೆ ಹೋಗುತ್ತಾ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ದಪ್ಪ ಸದ್ದು ಅರೆಬರೆ ಕೇಳುತ್ತದೆ, ಸಣ್ಣ ಸದ್ದುಗಳು ಪೂರ್ತಿ ಹೋಗಿವೆ ಅಂತ ಡಾಕ್ಟರು ವಿವರಿಸಿದರು. ಮಾವ ಕಾಗದವನ್ನು ಬಹಳ ಹೊತ್ತು ನೋಡಿ, "ಇದ್ರಾಗೆ ಹಕ್ಕಿ ಎಲ್ಲವೆ?" ಅಂತ ಕೇಳಿದರು. ಡಾಕ್ಟರು ಪೆನ್ನಿನ ತುದಿಯಿಂದ ಗೆರೆ ಬಿದ್ದ ಜಾಗ ತೋರಿಸಿದರು. ಕೇಳಿದ್ದಕ್ಕೆ ಉತ್ತರ ಸಿಕ್ಕ ಸಮಾಧಾನ ಮಾವನ ಮುಖದಲ್ಲಿತ್ತು.

ಈಗ ಕಿವಿಗೆ ಮಿಷಿನ್ನು ಬಂದಿದೆ. ಬೆಳಿಗ್ಗೆ ಹಾಕಿಕೊಳ್ಳುತ್ತಾರೆ, ಮಧ್ಯಾಹ್ನಕ್ಕೆ ಗದ್ದಲ ಜಾಸ್ತಿ ಅಂತ ತೆಗೆದಿಡುತ್ತಾರೆ. ಎಂಜಿನ್ನಿನ ಸದ್ದು ಮಾತ್ರ ಮೊದಲಿನ ಹಾಗಿಲ್ಲವಂತೆ. ತಗಡಿನ ಡಬ್ಬಿಯೊಳಗಿಂದ ಯಾರೋ ಮಾತಾಡಿದ ಹಾಗಂತೆ. ಅದನ್ನು ಹೇಳುವಾಗ ಒಂದಿಷ್ಟು ಬೇಜಾರು ಇರುತ್ತದೆ. ವ್ಯಾನು ಹೊರಡಿಸುವ ಮೊದಲು ಆ ಬೂದು ಪರದೆಯ ಸ್ಕ್ಯಾನರನ್ನು ಚುಚ್ಚಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಅಕ್ಕಪಕ್ಕದ ಊರಿನ ಹಳೇ ಗಾಡಿಗಳವರು ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದ್ದಾರೆ. ಎಲ್ಲರ ಗಾಡಿಗೂ ಅದು ಹೊಂದುವುದಿಲ್ಲ. ಹೊಂದದಿದ್ದರೆ ಶ್ರೀರಂಗಪಟ್ಟಣದ ಸಾಬರ ಹತ್ತಿರ ಕಳಿಸುತ್ತಾರೆ.

ಹೋದ ತಿಂಗಳು ನನ್ನ ತವರಿಗೆ ಹೊರಟೆವು, ಮಾವ ಮತ್ತು ನಾನು. ಕೆ.ಆರ್. ಪೇಟೆ ರಸ್ತೆಯಲ್ಲಿ ಕಬ್ಬಿನ ಲಾರಿಗಳ ಹಿಂದೆ ನಿಧಾನಕ್ಕೆ ಹೋಗುತ್ತಿದ್ದೆ. ಮಾವ ಮೊದಲು ಅಂಕಿ ಓದಿ ಹೇಳುತ್ತಿದ್ದರು. "ಎಂಬತ್ತೆಂಟು. ಎಂಬತ್ತೊಂಬತ್ತು. ಸರಿಯಾಗದೆ." ಆಮೇಲೆ ಸದ್ದಿಲ್ಲ. ತಿರುಗಿ ನೋಡಿದೆ. ತಲೆ ಕಿಟಕಿಗೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋಗಿದ್ದರು. ಈ ಮನೆಗೆ ಬಂದು ಇಷ್ಟು ವರ್ಷಗಳಲ್ಲಿ, ಯಾರು ಓಡಿಸಿದರೂ, ಎಷ್ಟೇ ದೂರವಾದರೂ, ಮಾವ ಗಾಡಿಯಲ್ಲಿ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮುಂದಿನ ಲಾರಿಯನ್ನು ಹಿಂದಿಕ್ಕಲು ಜಾಗವಿತ್ತು. ನಾನು ಹಿಂದಿಕ್ಕಲಿಲ್ಲ. ಹಾರನ್ನೂ ಒತ್ತದೆ ಅದರ ಹಿಂದೆಯೇ ಊರಿನವರೆಗೂ ಹೋದೆ.